ಹಂಗಾಮಿ ಪೇರಲ

ಚನ್ನವೀರಪ್ಪ ಹೊಂಬಳ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟನೆಂದರೆ ಮನೆಯಲ್ಲಿ ಹೊಸ ಯಂತ್ರವೊಂದು ಹುಟ್ಟಿದೆ ಎಂದು ಅರ್ಥ. ಹಿಂದಿನ ಸಲ ಆ ಅಂಗಿ ಹೊರಬಂದಾಗ ರೊಟ್ಟಿ ಬಡಿಯುವ ಯಂತ್ರ ಹುಟ್ಟಿತ್ತು. ಅದು ಬಡಿದ ಮೊಟ್ಟಮೊದಲ ರೊಟ್ಟಿ ಕಿಟಕಿಯಿಂದ ಹಾರಿ, ರಸ್ತೆ ದಾಟಿ, ಎದುರು ಮನೆಯ ರಾಚಪ್ಪ ಮಾಸ್ತರರ ಬೋಳುತಲೆಯ ಮೇಲೆ ಹೋಗಿ ಕೂತಿತ್ತು. ಆದ್ದರಿಂದ ಆ ಭಾನುವಾರ ಬೆಳಿಗ್ಗೆ ಬಿಳಿ ಅಂಗಿ ಕಂಡೊಡನೆ ಕಸ್ತೂರಿ ಮೊದಲು ಮಾಡಿದ ಕೆಲಸ ಕಿಟಕಿ ಮುಚ್ಚಿದ್ದು.

“ಕಿಟಕಿ ಯಾಕ ಮುಚ್ಚಾಕತ್ತಿ? ಯಂತ್ರ ಹೊರಗ ಅಂಗಳದಾಗ ಐತಿ. ಬಾ, ನೋಡಬಾ” ಎಂದ ಗಂಡ.

ಗದಗಿನ ಅಂಚಿನಲ್ಲಿ ಹೊಸದಾಗಿ ಎದ್ದ ಬಡಾವಣೆ ಅದು. ಅಂಗಳವೆಂದರೆ ನಾಲ್ಕು ಹಾಸಿಗೆ ಹಾಸುವಷ್ಟು ಜಾಗ. ಅದರ ನಡುವೆ ಮೊಣಕಾಲೆತ್ತರದ ಒಂದು ಪೇರಲ ಸಸಿ, ಅದರ ಮಗ್ಗುಲಲ್ಲೇ ಗೇಣುದ್ದದ ಒಂದು ಕವಳಿ ಗಿಡ. ಎರಡರ ಮಧ್ಯೆ, ಹಳೆಯ ಹೊಲಿಗೆ ಯಂತ್ರದ ಪೆಟ್ಟಿಗೆಯೊಳಗೆ, ಮೂರು ಮುಳ್ಳುಗಳ ಒಂದು ಗಡಿಯಾರ, ಒಂದು ಗುಂಡಿ, ಗುಜರಿಯಲ್ಲಿ ಸಿಕ್ಕ ಕಲ್ಲಿನಂಥ ಬ್ಯಾಟರಿ. ನಾಲ್ಕು ಬಿದಿರು ಗೂಟಗಳಿಗೆ ಸುತ್ತಿದ ತಾಮ್ರದ ತಂತಿ ಇವೆಲ್ಲವನ್ನೂ ಬಳಸಿ ನಿಂತಿತ್ತು.

ಚನ್ನವೀರಪ್ಪ ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿದವನು. ಗಂಟಲು ಸರಿಪಡಿಸಿಕೊಂಡು, ನಿಲ್ದಾಣದ ಧ್ವನಿವರ್ಧಕದ ಧಾಟಿಯಲ್ಲೇ ಘೋಷಿಸಿದ:

“ಎಲ್ಲರ ಗಮನಕ್ಕೆ. ಇದು ಹಂಗಾಮಿ ಯಂತ್ರ. ಈ ತಂತಿಯೊಳಗ ಹತ್ತು ನಿಮಿಷಕ್ಕ ಒಂದು ವರ್ಷ. ಮಳಿಗಾಲ, ಚಳಿಗಾಲ, ಬ್ಯಾಸಿಗಿ, ಎಲ್ಲಾ ಹತ್ತೇ ನಿಮಿಷದಾಗ. ಹೊರಗಿನವರಿಗೆ ಇದರ ಸಂಬಂಧ ಇಲ್ಲ.”

ಎಲ್ಲರೂ ಎಂದರೆ ಕಸ್ತೂರಿ ಮತ್ತು ಪತ್ರಿಕೆ ಓದುವ ನೆಪದಲ್ಲಿ ಗೇಟಿಗೆ ಆತು ನಿಂತಿದ್ದ ರಾಚಪ್ಪ ಮಾಸ್ತರರು. ಮಾಸ್ತರರು ಕನ್ನಡ ಕಲಿಸಿ ನಿವೃತ್ತರಾದವರು. “ಹಂಗಾಮಿ ಅಂದ್ರ ತಾತ್ಕಾಲಿಕ ಅಂತ ಅರ್ಥರಿ, ಚನ್ನವೀರಪ್ಪನವರ. ಹಂಗಾಮಿನ ಯಂತ್ರ ಅನ್ರಿ” ಎಂದು ತಿದ್ದಿದರು.

“ಅದರ ಹೆಸರು ಆಮ್ಯಾಲ ತಿದ್ದೋಣಂತ. ಮದಲು ಅದರ ಕೆಲಸ ನೋಡ್ರಿ.”

“ಕರೆಂಟ್ ಹೋದ್ರ?” ಎಂದು ಕೇಳಿದಳು ಕಸ್ತೂರಿ.

“ಇದಕ್ಕ ಕರೆಂಟ್ ಬೇಕಾಗಿಲ್ಲ, ಬ್ಯಾಟರಿ ಮ್ಯಾಲ ನಡೀತೈತಿ. ಯಾರು ಏನು ಮಾಡಿದ್ರೂ ನಿಲ್ಲೂದಿಲ್ಲ ಇದು” ಎಂದು ಹೆಮ್ಮೆಯಿಂದ ಹೇಳಿ ಚನ್ನವೀರಪ್ಪ ಗುಂಡಿ ಒತ್ತಿದ. ಆ ಮಾತಿಗಾಗಿ ಅವನು ಮಧ್ಯಾಹ್ನದ ಹೊತ್ತಿಗೆ ಬಹಳ ಪಶ್ಚಾತ್ತಾಪಪಟ್ಟ.

ಈ ಯಂತ್ರ ಯಾಕೆ ಹುಟ್ಟಿತೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಗಂಡನಿಗೆ ಆರು ಊರಿಗೆ ವರ್ಗವಾಗಿತ್ತು. ಆರೂ ಊರಿನ ಕ್ವಾರ್ಟರ್ಸಿನಲ್ಲಿ ಕಸ್ತೂರಿ ಬಚ್ಚಲ ನೀರು ಹರಿಯುವ ಕಡೆ ಒಂದೊಂದು ಹಣ್ಣಿನ ಬೀಜ ಊರಿದ್ದಳು. ಕುಡಚಿಯ ಸೀತಾಫಲ ಮೊದಲ ಹೂ ಬಿಟ್ಟ ವಾರ ವರ್ಗದ ಕಾಗದ ಬಂತು. ಹೊಳೆಆಲೂರಿನ ನಿಂಬೆ ಆಳೆತ್ತರ ಆದಾಗ ಬಂತು. ಲೋಂಡಾದ ಪೇರಲದಲ್ಲಿ ಹೆಬ್ಬೆರಳಿನಷ್ಟು ಕಾಯಿ ನಿಂತಿದ್ದವು. ಲಾರಿಗೆ ಸಾಮಾನು ಹೇರುವಾಗ ಅವಳು ಅವನ್ನು ಒಂದೊಂದಾಗಿ ಮುಟ್ಟಿ ಬಂದಿದ್ದಳು. ಆಲಮಟ್ಟಿಯ ಚಿಕ್ಕು ಮರವನ್ನು ಹತ್ತು ವರ್ಷದ ನಂತರ ರೈಲಿನ ಕಿಟಕಿಯಿಂದ ಕಂಡಳು. ಯಾರೋ ಅದರ ಕೊಂಬೆಗೆ ಹಸಿರು ಸೀರೆ ಒಣಹಾಕಿದ್ದರು. ಸೀರೆಯ ಹಿಂದೆ ಹಣ್ಣು ಇದ್ದವೋ ಇಲ್ಲವೋ ಕಾಣಲಿಲ್ಲ. ರೈಲು ಅಲ್ಲಿ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ.

ಹೀಗಾಗಿ ಗಿಡದ ವಿಷಯದಲ್ಲಿ ಅವಳು ಒಂದನೇ ಇಯತ್ತೆಯನ್ನೇ ಆರು ಸಲ ಓದಿದವಳು. ಎರಡನೆಯದಕ್ಕೆ ಹೋಗಲೇ ಇಲ್ಲ.

ಸ್ವಂತ ಮನೆ ಆದಮೇಲೆ, ತಿಂಗಳ ಹಿಂದೆ, ಗಂಡಹೆಂಡತಿ ಇಬ್ಬರೂ ನರ್ಸರಿಗೆ ಹೋಗಿದ್ದರು. ಎರಡಡಿ ಗುಂಡಿ ತೋಡಿ, ಗಿಡಕ್ಕೂ ಗಿಡಕ್ಕೂ ಹತ್ತಡಿ ಬಿಡಿ, ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೆ ಇರಲಿ ಎಂದು ನರ್ಸರಿಯವನು ಪಾಠ ಹೇಳಿದ. “ಹಣ್ಣು ಯಾವಾಗ ಬರ್ತಾವ?” ಎಂದು ಕಸ್ತೂರಿ ಕೇಳಿದಳು. “ಪೇರಲಕ್ಕ ಮೂರು ವರ್ಷ ಅನ್ರಿ” ಎಂದ. ಕಸ್ತೂರಿ ಕೈಯಲ್ಲಿದ್ದ ಸಸಿಯನ್ನು ಕೆಳಗಿಟ್ಟಳು. ಚನ್ನವೀರಪ್ಪ ಅದನ್ನು ಎತ್ತಿಕೊಂಡ. ಬೇಲಿಗಿರಲಿ, ಉಪ್ಪಿನಕಾಯಿಗೂ ಆಗುತ್ತದೆ ಎಂದು ಮುಳ್ಳಿನ ಕವಳಿ ಗಿಡವನ್ನೂ ಎತ್ತಿಕೊಂಡ. ಮನೆಗೆ ತಂದು ಪ್ಲಾಸ್ಟಿಕ್ ಚೀಲದ ಸಮೇತ ನೆಟ್ಟರು. ನಾಲ್ಕನೇ ದಿನ ಎಲೆ ಮುರುಟಿದಾಗ ಮಾಸ್ತರರು ಬಂದು ನೋಡಿ, ಗಿಡದ ಅಂಗಿ ಬಿಚ್ಚಿ ಎಂದರು. ಬಿಚ್ಚಿ ಮತ್ತೆ ನೆಟ್ಟರು. ಹತ್ತಡಿಯ ಮಾತು ಮಾತ್ರ ಆಗಲಿಲ್ಲ, ಅಂಗಳವೇ ಅಷ್ಟಿರಲಿಲ್ಲ. ಎರಡಡಿ ಬಿಟ್ಟರು.

ಆ ದಿನದಿಂದ ಚನ್ನವೀರಪ್ಪ ಮಹಡಿಯ ಕೋಣೆಯಲ್ಲಿ ಏನನ್ನೋ ಸುತ್ತುತ್ತ ಕೂತ. ಆರು ವರ್ಗವೂ ತನ್ನದೇ ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ಬಾಯಲ್ಲಿ ಹೇಳುವ ಜಾತಿಯ ಮನುಷ್ಯ ಅವನಲ್ಲ, ಯಂತ್ರ ಮಾಡುವ ಜಾತಿಯವನು.

ಮತ್ತು ಈ ಸಲದ ಯಂತ್ರ ಕೆಲಸ ಮಾಡಿತು. ಪೇರಲ ಸಸಿ ಮೈಮುರಿದಂತೆ ಅಲುಗಿತು. ಹೊಸ ಎಲೆ ಹೊಮ್ಮಿತು, ಹಳೆಯದು ಉದುರಿತು. ಹತ್ತು ನಿಮಿಷಕ್ಕೆ ಸೊಂಟದೆತ್ತರ, ಇಪ್ಪತ್ತಕ್ಕೆ ಆಳೆತ್ತರ. ಸಿಪ್ಪೆ ಸುಲಿದ ನುಣುಪಾದ ಕಾಂಡ ಬೆಳಿಗ್ಗೆಯ ಬಿಸಿಲಿಗೆ ಹೊಳೆಯಿತು. ಆಮೇಲೆ ಎಲೆಗಳ ಸಂದಿಯಲ್ಲಿ ಬಿಳಿ ಮೊಗ್ಗು. ಮೊಗ್ಗು ಅರಳಿ, ಹತ್ತಿಯಂಥ ಹೂ ಉದುರಿ, ನಾಲ್ಕೇ ನಾಲ್ಕು ಕಾಯಿ ನಿಂತವು. ಕಸ್ತೂರಿ ಬಾಯಿಗೆ ಸೆರಗು ಹಿಡಿದುಕೊಂಡು ನೋಡುತ್ತ ನಿಂತಿದ್ದಳು. ಕಾಯಿ ಹೆಬ್ಬೆರಳಿನಷ್ಟಾಯಿತು. ಲೋಂಡಾದಲ್ಲಿ ಮುಟ್ಟಿ ಬಂದದ್ದು ಇಷ್ಟೇ ದೊಡ್ಡವನ್ನು. ಇದರ ಮುಂದಿನದನ್ನು ಅವಳು ಕಂಡಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಹಾಲು ಉಕ್ಕಿದ ವಾಸನೆ ಬಂತು.

ಅವಳು ಓಡಿಹೋಗಿ, ಗ್ಯಾಸ್ ಆರಿಸಿ, ಓಡಿಬಂದಳು. ಅರ್ಧ ನಿಮಿಷವೂ ಆಗಿರಲಿಲ್ಲ. ಕೊಂಬೆಯಲ್ಲಿ ನಾಲ್ಕು ಕಪ್ಪು ಚಕ್ಕೆಗಳು ಅಲ್ಲಾಡುತ್ತಿದ್ದವು.

“ಬಂದು ಹೋದುವು” ಎಂದ ಚನ್ನವೀರಪ್ಪ, ರೈಲು ತಪ್ಪಿಸಿಕೊಂಡವರಿಗೆ ಹೇಳುವ ಧ್ವನಿಯಲ್ಲಿ. “ಹಣ್ಣಾಗಿ ನಿಲ್ಲೂದು ಹತ್ತು ಹನ್ನೆರಡು ಸೆಕೆಂಡ್ ಅಷ್ಟ. ಚಿಂತಿ ಬ್ಯಾಡ. ಮುಂದಿನ ಹಂಗಾಮು ಹತ್ತು ನಿಮಿಷಕ್ಕ ಐತಿ.”

“ನಾಲ್ಕೂ ಬಂದಿದ್ದುವು. ನೀವರ ಒಂದು ಹರೀಬಾರದಾಗಿತ್ತ?”

“ಒಳಗ ಕೈ ಹಾಕೂದು ಇನ್ನೂ ಪರೀಕ್ಷಾ ಮಾಡಿಲ್ಲ. ಏನಾಗ್ತೈತೋ ಏನೋ.”

ಪರೀಕ್ಷೆ ಮಾಡಿದ್ದು ಒಂದು ಗಿಳಿ. ಮುಂದಿನ ಹಂಗಾಮಿನ ಹಣ್ಣಿಗೆಂದು ತಂತಿಯ ಮೇಲಿಂದ ಹಾರಿ ಒಳಗೆ ಇಳಿಯಿತು. ಕೊಕ್ಕು ಹಾಕಿದ ಹಣ್ಣು ಕೊಕ್ಕಿನಲ್ಲೇ ಒಣಗಿತು. ಅದು ಸಿಟ್ಟಿನಿಂದ ಅಲ್ಲೇ ಕೂತಿತು. ಕೂತಲ್ಲೇ ಗರಿಯೆಲ್ಲ ಉದುರಿ, ಹೊಸ ಗರಿ ಬಂದು, ಹೊಸಮದುವೆಯ ಗಂಡಿನ ಹಾಗೆ ಹೊಳೆಯುತ್ತ ಹೊರಬಂತು.

ರಾಚಪ್ಪ ಮಾಸ್ತರರು ಪತ್ರಿಕೆ ಮಡಚಿದರು. “ಅಂದ್ರ ಇದರಾಗ ಗರಿ ಬೆಳೀತಾವ. ಗರಿ ಬೆಳದ್ರ ಕೂದಲಾ ಬೆಳೀಬೇಕಲ್ಲ.”

“ಮಾಸ್ತರ, ಬ್ಯಾಡ್ರಿ” ಎಂದ ಚನ್ನವೀರಪ್ಪ.

“ಇಪ್ಪತ್ತು ವರ್ಷದಿಂದ ಕಾಯಾಕತ್ತೇನಿ. ಹತ್ತು ನಿಮಿಷ ಏನ್ ಮಹಾ” ಎಂದು ಮಾಸ್ತರರು ಮಣೆ ಹಾಕಿಕೊಂಡು ಕೂತು ತಂತಿಯೊಳಗೆ ತಲೆ ಬಗ್ಗಿಸಿದರು. ಹತ್ತು ನಿಮಿಷದ ಮೇಲೆ ಎತ್ತಿದಾಗ ನೆತ್ತಿ ಮೊದಲಿನಂತೆಯೇ ಮಿರಮಿರ ಮಿಂಚುತ್ತಿತ್ತು. ಆದರೆ ಎರಡೂ ಕಿವಿಯಿಂದ ಗೇಣುದ್ದದ ಕೂದಲು ಇಳಿಬಿದ್ದಿತ್ತು, ಹುಬ್ಬು ಕಣ್ಣಿನ ಮೇಲೆ ಚಪ್ಪರ ಹಾಕಿತ್ತು. ಅವರನ್ನು ನೋಡಿ ನಗುವ ಭರದಲ್ಲಿ ಗಂಡಹೆಂಡತಿ ಇನ್ನೊಂದು ಹಂಗಾಮನ್ನು ಕಳೆದುಕೊಂಡರು.

ನಗು ಬಹಳ ಹೊತ್ತು ಉಳಿಯಲಿಲ್ಲ. ಮರದ ಎಲೆಗಳು ಜೋತುಬಿದ್ದಿದ್ದವು. ಮೊದಲು ಅರ್ಥವಾದದ್ದು ಕಸ್ತೂರಿಗೆ. “ಏನ್ರೀ, ಅದಕ್ಕ ನೀರಡಿಕಿ ಆಗೈತಿ. ಹತ್ತು ನಿಮಿಷದಾಗ ಒಂದು ವರ್ಷದ ನೀರು ಬೇಕದಕ್ಕ.”

ಚನ್ನವೀರಪ್ಪ ಒಂದು ಬಕೆಟ್ ಸುರಿದ. ನೆಲ ಅದನ್ನು ಸುರ್ರೆಂದು ಎಳೆದುಕೊಂಡಿತು. ಇನ್ನೊಂದು, ಮತ್ತೊಂದು. “ಸ್ವಲ್ಪ ಹೊತ್ತು ಬಂದ್ ಮಾಡೂಣು” ಎಂದು ಗುಂಡಿಯ ಕಡೆ ಬಗ್ಗಿದವನು ಹಾಗೇ ನಿಂತ. ಗುಂಡಿ ಇರಲಿಲ್ಲ. ಪೆಟ್ಟಿಗೆಯೂ ಕಾಣಲಿಲ್ಲ. ಇಷ್ಟು ಹೊತ್ತು ಯಾರೂ ತಿರುಗಿ ನೋಡದ ಕವಳಿ ಗಿಡ, ಪೇರಲಕ್ಕೆ ಹಾಕಿದ ನೀರನ್ನೆಲ್ಲ ಅರ್ಧಕ್ಕೆ ಅರ್ಧ ಕುಡಿದು, ಸೂಜಿಯಂಥ ಜೋಡುಮುಳ್ಳಿನ ಕೊಂಬೆಗಳಿಂದ ಯಂತ್ರವನ್ನು ತಬ್ಬಿಕೊಂಡಿತ್ತು. ಕುಡುಗೋಲಿನಿಂದ ಕಡಿದ. ಒಂದು ಕೊಂಬೆ ಕಡಿದು ಇನ್ನೊಂದಕ್ಕೆ ಕೈ ಹಾಕುವುದರೊಳಗೆ ಮೊದಲಿನ ಜಾಗದಲ್ಲಿ ಎರಡು ಚಿಗುರಿರುತ್ತಿದ್ದವು. ಬಿಳಿ ಅಂಗಿಯ ತೋಳು ಮುಳ್ಳಿಗೆ ಸಿಕ್ಕಿ, ಹರಿದು, ಗಿಡದಲ್ಲೇ ಉಳಿಯಿತು.

“ಹತ್ತಡಿ ಬಿಡ್ರಿ ಅಂದಿದ್ದ ಅಂವಾ” ಎಂದಳು ಕಸ್ತೂರಿ.

“ಹತ್ತಡಿ ಎಲ್ಲಿತ್ತ? ಹತ್ತಡಿ ಬಿಟ್ಟಿದ್ರ ಮಾಸ್ತರ ಪಡಸಾಲಿಯಾಗ ಹಚ್ಚಬೇಕಾಗ್ತಿತ್ತು.”

ಹೀಗೆ ಜಗಳವಾಡುತ್ತಲೇ ನೀರು ಹೊತ್ತರು. ಹನ್ನೊಂದು ಗಂಟೆಯ ಹೊತ್ತಿಗೆ ಟಾಕಿ ಖಾಲಿಯಾಯಿತು. ಬಡಾವಣೆಗೆ ನಳದ ನೀರು ಬರುವುದು ವಾರಕ್ಕೊಮ್ಮೆ; ಬಂದು ಎರಡೇ ದಿನವಾಗಿತ್ತು. ಚನ್ನವೀರಪ್ಪ ಖಾಲಿ ಬಕೆಟ್ ಕೆಳಗಿಟ್ಟ.

“ಬಿಡೂಣು ಕಸ್ತೂರಿ. ಒಣಗವಲ್ದ್ಯಾಕ. ಇನ್ನೊಂದು ಸಸಿ ತರೂಣು.”

ಕಸ್ತೂರಿ ಅವನ ಮುಖವನ್ನೇ ನೋಡಿದಳು. “ಆರು ಬಿಟ್ಟು ಬಂದೇನಿ” ಎಂದಳು. “ನೀವು ಹೊಂಡು ಅಂದಾಗೆಲ್ಲ ಹೊಂಟು ಬಂದೇನಿ. ಇದನ್ನ ಬಿಡೂದಿಲ್ಲ.”

ಅವಳು ಸೆರಗು ಸಿಕ್ಕಿಸಿ, ಕೊಡ ಎತ್ತಿಕೊಂಡು ಬೀದಿಗೆ ನಡೆದಳು. ಆ ಬೀದಿಗೆ ಬಂದು ಒಂದು ವರ್ಷವಾಗಿತ್ತು. ಒಂದು ಬಟ್ಟಲು ಸಕ್ಕರೆಯನ್ನೂ ಅವಳು ಯಾರ ಮನೆಯಲ್ಲೂ ಕೇಳಿದವಳಲ್ಲ. ಕ್ವಾರ್ಟರ್ಸಿನಲ್ಲಿ ಬೆಳೆದ ಅಭ್ಯಾಸ ಅದು, ಎಂದಿದ್ದರೂ ಬಿಟ್ಟು ಹೋಗುವ ಊರಿನಲ್ಲಿ ಬಹಳ ಬಳಕೆ ಬೇಡವೆಂಬುದು. ಈಗ ಮನೆಮನೆಯ ಬಾಗಿಲಲ್ಲಿ ನಿಂತು, “ಒಂದೊಂದು ಕೊಡ ನೀರು ಕೊಡ್ರಿ, ನನ್ನ ಗಿಡ ಸಾಯಾಕತ್ತೈತಿ” ಎಂದಳು. ಎರಡನೇ ಮನೆಯ ದಿಲ್‌ಶಾದ್‌ಬಿ ಒಂದು ಮಾತೂ ಕೇಳದೆ ಎರಡು ಕೊಡ ಹೊತ್ತು ಹೊರಟಳು. ಉಳಿದವರು ಮೊದಲು ನೋಡಲು ಬಂದರು. ಅಂಗಳದಲ್ಲಿ ಮರ ಹೂ ಬಿಟ್ಟು, ಕಾಯಾಗಿ, ಹಣ್ಣಾಗಿ, ಒಣಗಿ, ಮತ್ತೆ ಹೂ ಬಿಡುವುದನ್ನು ಕಂಡು, ವಾಪಸು ಓಡಿಹೋಗಿ ಬಕೆಟ್ ತಂದರು. ಮಧ್ಯಾಹ್ನದ ಹೊತ್ತಿಗೆ ಗೇಟಿನಿಂದ ರಸ್ತೆಯ ತಿರುವಿನ ತನಕ ಸಾಲು. ಕೈಯಿಂದ ಕೈಗೆ ಕೊಡ. ಚನ್ನವೀರಪ್ಪ ಕಟ್ಟೆಯ ಮೇಲೆ ನಿಂತು, ಒಂದೇ ತೋಳಿನ ಅಂಗಿಯಲ್ಲಿ, “ಗಮನಕ್ಕೆ, ಹದಿನೆಂಟನೇ ಹಂಗಾಮು ಎರಡು ನಿಮಿಷದಾಗ ಬರತೈತಿ, ನೀರಿನವರು ಮುಂದ ಬರ್ರಿ” ಎಂದು ಕೂಗುತ್ತಿದ್ದ.

ಆ ಗದ್ದಲದಲ್ಲಿ ಅವನು ಸ್ವಲ್ಪ ಹೊತ್ತು ಹೆಂಡತಿಯ ಮೇಲಿನ ಕಣ್ಣು ತೆಗೆದ. ತಿರುಗಿ ನೋಡಿದಾಗ ಅವಳು ಮರದ ಪಶ್ಚಿಮಕ್ಕೆ, ಕೆಳಗೆ ಬಾಗಿದ ಒಂದೇ ಒಂದು ಕೊಂಬೆಯ ಹತ್ತಿರ ನಿಂತಿದ್ದಳು. ಬಲಗೈ ಮೊಣಕೈ ತನಕ ತಂತಿಯೊಳಗಿತ್ತು. ಬೊಗಸೆ ಮಾಡಿದ ಅಂಗೈಯ ಮೇಲೆ ಒಂದು ಕಾಯಿ ತೂಗುತ್ತಿತ್ತು. ಅವಳು ಹೂವಿನಿಂದ ಹಾಗೇ ಕೈ ಹಿಡಿದು ಕಾದಿದ್ದಳು.

ಕಾಯಿ ತುಂಬಿಕೊಂಡಿತು, ಬಿಳಿಚಿತು, ಹಳದಿಯಾಯಿತು. ಅವಳು ಬೆರಳು ಮುಚ್ಚಿದಳು. ಮುಚ್ಚಲಾಗಲಿಲ್ಲ. ಅಷ್ಟು ಹೊತ್ತಿನಲ್ಲಿ ಬೆರಳಿನ ಉಗುರುಗಳು ಒಂದೂವರೆ ಇಂಚು ಬೆಳೆದು ಕೊಕ್ಕೆಯಾಗಿದ್ದವು. ಹಣ್ಣು ಉಗುರುಗಳ ಮೇಲೆ ಒಮ್ಮೆ ಹೊರಳಿ ಜಾರಿತು. ನೆಲಕ್ಕೆ ಬಿದ್ದದ್ದು ಬರಿಯ ಬೀಜ.

“ಕೈ ತಗಿ” ಎಂದು ಚನ್ನವೀರಪ್ಪ ಓಡಿಬಂದು ಎಳೆದುಕೊಂಡ. ಅವನ ಧ್ವನಿಯಲ್ಲಿ ಘೋಷಣೆಯ ಧಾಟಿ ಇರಲಿಲ್ಲ. “ಹುಚ್ಚಿ ಏನು ನೀ? ಉಗುರಿನ ಜೋಡಿ ಏನೇನ್ ಹೋತೋ ಯಾರಿಗ್ಗೊತ್ತು? ಆಯುಷ್ಯದಾಗ ಒಂದು ವರ್ಷ ಹೋಗಿದ್ರ?”

“ಹೋದ್ರ ಹೋಗವಲ್ದ್ಯಾಕ” ಎಂದಳು ಕಸ್ತೂರಿ. “ಒಂದು ಹಣ್ಣಿಗೆ ಒಂದು ವರ್ಷ. ನಾ ಕೊಡಾಕ ತಯಾರದೇನಿ. ಒಳಗ ಹೊಕ್ಕು ಮರಾ ಹತ್ತಿದ್ರ ನಾಕಾರ ಸಿಗ್ತಾವು.”

“ನಿನಗೇನು, ಕೊಟ್ಟು ಕೂಡ್ತಿ. ಆ ವರ್ಷ ನನಗ ಬೇಕಾಗೈತಿ.”

ಸಾಲಿನಲ್ಲಿ ಕೊಡಗಳು ಕೈಯಿಂದ ಕೈಗೆ ದಾಟುವುದು ನಿಂತಿತು. ಚನ್ನವೀರಪ್ಪನಿಗೆ ತಾನು ಅಷ್ಟು ಜನರ ಮುಂದೆ ಏನು ಹೇಳಿದೆನೆಂದು ಆಮೇಲೆ ಹೊಳೆಯಿತು. “ಬಕೆಟ್ ಬರ್ಲಿ, ಬಕೆಟ್” ಎಂದು ಕೂಗಿ ಬೇರೆ ಕಡೆ ತಿರುಗಿದ. ಕಸ್ತೂರಿ ದಿಲ್‌ಶಾದ್‌ಬಿಯಿಂದ ಕತ್ತರಿ ಇಸಿದುಕೊಂಡು ಕಟ್ಟೆಯ ಮೇಲೆ ಕೂತು ಒಂದೊಂದೇ ಉಗುರು ಕತ್ತರಿಸಿದಳು. ಮತ್ತೆ ತಂತಿಯ ಹತ್ತಿರ ಹೋಗಲಿಲ್ಲ.

ಆಮೇಲೆ ಹೋಗಿಯೂ ಪ್ರಯೋಜನವಿರಲಿಲ್ಲ. ಮರ ಮಹಡಿಯಷ್ಟು ಎತ್ತರವಾಗಿತ್ತು. ಹಣ್ಣು ಬಿಡುತ್ತಿದ್ದದ್ದು ತುದಿಯಲ್ಲಿ. ಬಿದಿರಿಗೆ ಬುಟ್ಟಿ ಕಟ್ಟಿ ಒಡ್ಡಿದರೆ ಬುಟ್ಟಿಯಲ್ಲಿ ಬೀಳುವುದು ಹಣ್ಣು, ಕೆಳಗಿಳಿಸಿದಾಗ ಸಿಗುವುದು ಕಪ್ಪು ಪುಡಿ. ಕವಳಿಯಂತೂ ತಂತಿ ದಾಟಿ ಹೊರಗೆ ಚಾಚಿ, ಮೆಟ್ಟಿಲೇರಿ, ಮನೆಯ ಗೋಡೆ ಹಿಡಿದು ಹರಡುತ್ತಿತ್ತು. ಅದರ ಕಡೆ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಮೂರೂವರೆಯ ಹೊತ್ತಿಗೆ ಬೀದಿಯ ನೀರೆಲ್ಲ ಮುಗಿಯಿತು. ಜನ ಖಾಲಿ ಕೊಡ ಹಿಡಿದು ನಿಂತರು. ಚನ್ನವೀರಪ್ಪ ಕೈಗಡಿಯಾರ ನೋಡಿ ಘೋಷಿಸಿದ: “ಮೂವತ್ತೊಂಬತ್ತನೇ ಹಂಗಾಮು...” ಅಲ್ಲಿಗೇ ತಡೆದ. ಹತ್ತು ನಿಮಿಷ ಆಗಿತ್ತು. ಹೂ ಬಂದಿರಲಿಲ್ಲ. ಹದಿನೈದಾಯಿತು, ಇಪ್ಪತ್ತಾಯಿತು.

“ತಡ ಆಗೈತಿ” ಎಂದರು ಮಾಸ್ತರರು, ಹುಬ್ಬು ಎತ್ತಿ ಹಿಡಿದು.

“ಬ್ಯಾಟರಿ ಇಳ್ಯಾಕತ್ತೈತಿ” ಎಂದ ಚನ್ನವೀರಪ್ಪ ಮೆಲ್ಲಗೆ.

ಅರ್ಧ ಗಂಟೆಯ ಮೇಲೆ ಒಂದೊಂದೇ ಮೊಗ್ಗು ಕಂಡವು. ಒಂದು ಹೂವಂತೂ ಕೆಳಗಿನ ಮುದಿ ಕೊಂಬೆಯಲ್ಲೇ, ಕೈಗೆಟಕುವಷ್ಟರಲ್ಲಿ ಅರಳಿತು. ಮರ ಈಗ ಹಳೆಯ ಪ್ಯಾಸೆಂಜರ್ ಗಾಡಿಯ ಹಾಗೆ ಪ್ರತಿಯೊಂದು ಎಲೆಯಲ್ಲೂ ನಿಂತು ನಿಂತು ಹೊರಡುತ್ತಿತ್ತು. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ದಿಲ್‌ಶಾದ್‌ಬಿ ಎಲ್ಲಿಂದಲೋ ಕೊನೆಯ ಅರ್ಧ ಕೊಡ ತಂದು ಬುಡಕ್ಕೆ ಸುರಿದು ಹೋದಳು. ಕಸ್ತೂರಿ ಮಾಸ್ತರರ ಮಣೆಯ ಮೇಲೆ ಕೂತಳು. ಚನ್ನವೀರಪ್ಪ ಪಕ್ಕದ ನೆಲದ ಮೇಲೆ ಕೂತ. ಘೋಷಣೆ ಮಾಡಲಿಲ್ಲ.

ಕೆಳಗಿನ ಕೊಂಬೆಯ ಹೂವಿನ ಎಸಳು ಒಂದು ಬಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಕಾಯಿ ಬಟಾಣಿಯಷ್ಟಾಯಿತು, ನೆಲ್ಲಿಯಷ್ಟಾಯಿತು. ಹೆಬ್ಬೆರಳಿನಷ್ಟಾದಾಗ ಕಸ್ತೂರಿ ಗೇಟಿನ ಕಡೆ ನೋಡಿದಳು. ಯಾರೂ ಕಾಗದ ತರಲಿಲ್ಲ, ಯಾವ ಲಾರಿಯೂ ಬಂದು ನಿಲ್ಲಲಿಲ್ಲ. ಕಾಯಿ ಬೆಳೆಯಿತು. ಸಂಜೆಯ ಬಿಸಿಲು ಕಾಂಪೌಂಡಿನ ಮೇಲಿಂದ ಓರೆಯಾಗಿ ಬಂದು ಅದರ ಮೇಲೆ ಬಿದ್ದಾಗ, ಹಸಿರಿನೊಳಗೆ ಎಲ್ಲೋ ಒಂದು ಹಳದಿ ಹುಟ್ಟಿತು. ಅದು ಮೆಲ್ಲಗೆ ಹರಡಿತು.

“ಕುಡಚಿ ಸೀತಾಫಲ ಈಗ ಯಾರ್ ತಿಂತಾರೋ” ಎಂದಳು ಕಸ್ತೂರಿ, ಯಾರಿಗೆಂದಲ್ಲ.

“ತಿಂದಿರ್ತಾರ ಯಾರರ” ಎಂದ ಚನ್ನವೀರಪ್ಪ. ಹಣ್ಣಿನ ಮೇಲಿನ ಕಣ್ಣು ತೆಗೆಯದೆ, “ನಾ ಒಮ್ಮೆಯಾದ್ರೂ ವರ್ಗ ಬ್ಯಾಡ ಅಂತ ಅರ್ಜಿ ಹಾಕಬಹುದಾಗಿತ್ತು” ಎಂದ.

ಕವಳಿ ಪೊದೆಯೊಳಗಿನ ಯಂತ್ರದ ಗುಂಯ್‌ಗುಡುವ ಸದ್ದು ಇಳಿದು ಇಳಿದು ನಿಂತಿತು. ಮರ ಅಲುಗಲಿಲ್ಲ. ಹಣ್ಣು ಹಳದಿಯಾಗಿಯೇ ಉಳಿಯಿತು.

ಅವಳು ಎದ್ದು, ತಂತಿ ದಾಟಿ ಒಳಗೆ ಹೋಗಿ, ಹಣ್ಣನ್ನು ಮೊದಲು ಬರಿದೇ ಮುಟ್ಟಿದಳು. ಆಮೇಲೆ ತಿರುವಿ ಕಿತ್ತಳು. ಮೂಸಿದಳು. ಸೆರಗಿನಿಂದ ಒರೆಸಿ ಎರಡು ಹೋಳು ಮಾಡಲು ನೋಡಿದಳು. ಆಗದೆ ಹಲ್ಲಿನಿಂದಲೇ ಕಚ್ಚಿದಳು. ಚನ್ನವೀರಪ್ಪ ಅವಳ ಬಾಯನ್ನೇ ನೋಡುತ್ತಿದ್ದ. ಅವಳು ಬಹಳ ನಿಧಾನವಾಗಿ ಅಗಿದಳು. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳದೆ ಇನ್ನೊಂದು ತುತ್ತು ಕಚ್ಚಿ ಉಳಿದದ್ದನ್ನು ಗಂಡನ ಕೈಗೆ ಕೊಟ್ಟಳು.

“ಹ್ಯಾಂಗೈತಿ?” ಎಂದು ಕೇಳಿದ.

ಅವಳು ಸುಳ್ಳು ಹೇಳುವವಳಲ್ಲ. ಇಡೀ ವರ್ಷದ ಹಣ್ಣು ಅದು, ಕಂಡದ್ದು ಒಂದೇ ಸಂಜೆಯ ಬಿಸಿಲು.

“ನೀರು ಕುಡದಂಗೈತಿ” ಎಂದಳು. “ರುಚೀನ ಇಲ್ಲ. ಸ್ವಲ್ಪ ಉಪ್ಪು ತರ್ರಿ, ಪೂರಾ ತಿನ್ನೂಣು.”

ಚನ್ನವೀರಪ್ಪ ಉಪ್ಪು ತರಲು ಎದ್ದು ಮನೆಯ ಕಡೆ ತಿರುಗಿದ. ಬಾಗಿಲು ಇರಲಿಲ್ಲ. ಕಿಟಕಿಯೂ ಇರಲಿಲ್ಲ. ಮೆಟ್ಟಿಲಿನಿಂದ ಮಹಡಿಯ ತನಕ ಜೋಡುಮುಳ್ಳಿನ ಹಸಿರು ಗುಡ್ಡವೊಂದು ಎದ್ದು ನಿಂತಿತ್ತು. ಅದರ ತುಂಬ ಕಪ್ಪು ಕೆಂಪು ಕವಳಿ ಹಣ್ಣು ಗೊಂಚಲು ಗೊಂಚಲಾಗಿ ಹೊಳೆಯುತ್ತಿದ್ದವು. ಅವನು ಒಂದಷ್ಟು ಹೊತ್ತು ಅದನ್ನು ನೋಡಿ, ವಾಪಸು ಬಂದು ಹೆಂಡತಿಯ ಪಕ್ಕ ಕೂತ.

“ಉಪ್ಪು ಮನ್ಯಾಗೈತಿ” ಎಂದ. “ಮನಿ ಕವಳ್ಯಾಗೈತಿ.”